ಚರ್ಚಿಲ್ಲರ ಮಹಾಯುದ್ಧ: ಉತ್ತರವಿಲ್ಲದ ಪತ್ರಗಳು

ಎರಡನೆಯ ಮಹಾಯುದ್ಧದ ಕಥೆಯನ್ನು ಯಾರನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಹೇಳುತ್ತಾರೆ. 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿತು. ಎರಡು ದಿನಗಳ ಮೇಲೆ ಬ್ರಿಟನ್, ಫ್ರಾನ್ಸ್‌ಗಳು ಯುದ್ಧ ಸಾರಿದವು. 1940ರ ಬೇಸಗೆಯಲ್ಲಿ ಫ್ರಾನ್ಸ್ ಕುಸಿಯಿತು, ಡಂಕರ್ಕಿನ ದಂಡೆಯಿಂದ ಸೈನ್ಯ ಹಡಗು ದೋಣಿಗಳನ್ನೇರಿ ಪಾರಾಯಿತು, ಇಂಗ್ಲೆಂಡು ಒಂಟಿಯಾಗಿ ಸೆಣಸಿತು. 1941ರ ಜೂನ್ 22ರಂದು ಹಿಟ್ಲರ್ ರಷ್ಯದ ಮೇಲೆ ಬಿದ್ದ. ಅದೇ ವರ್ಷ ಡಿಸೆಂಬರ್ 7ರಂದು ಜಪಾನೀಯರು ಪರ್ಲ್ ಹಾರ್ಬರಿನ ಮೇಲೆರಗಿ ಅಮೆರಿಕವನ್ನು ಕಣಕ್ಕೆಳೆದರು. ಆಮೇಲೆ ಎಲ್ ಅಲಮೈನ್, ಸ್ಟಾಲಿನ್‌ಗ್ರಾಡ್, ನಾರ್ಮಂಡಿ, ಬರ್ಲಿನ್, ಹಿರೋಶಿಮ. 1945ರ ಸೆಪ್ಟೆಂಬರ್ 2ರಂದು ಜಪಾನಿನ ಸಹಿ, ಅಲ್ಲಿಗೆ ಮಂಗಳ. ಶಾಲೆಯ ಪುಸ್ತಕದಲ್ಲೂ ಇದೇ, ಸಿನಿಮಾಗಳಲ್ಲೂ ಇದೇ, ನಮ್ಮ ಮಕ್ಕಳು ಪರೀಕ್ಷೆಗೆ ಉರುಹೊಡೆಯುವುದೂ ಇದನ್ನೇ.

ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಈ ಕಥೆಗೆ ಈ ಆಕಾರ ಬಂದದ್ದು ತಾನಾಗಿ ಅಲ್ಲ. ಅದನ್ನು ಹೀಗೆ ಎರಕ ಹೊಯ್ದವರಲ್ಲಿ ಎಲ್ಲರಿಗಿಂತ ದೊಡ್ಡ ಕೈ ವಿನ್ಸ್ಟನ್ ಚರ್ಚಿಲ್ಲರದು. 1948ರಿಂದ 1953ರವರೆಗೆ ಹೊರಬಂದ ಅವರ ‘ದಿ ಸೆಕೆಂಡ್ ವರ್ಲ್ಡ್ ವಾರ್’ ಎಂಬ ಆರು ಸಂಪುಟಗಳ ಗ್ರಂಥ ಇಂಗ್ಲಿಷ್ ಬಲ್ಲ ಲೋಕಕ್ಕೆಲ್ಲ ಯುದ್ಧದ ಮೊದಲ ಪಾಠವಾಯಿತು. ನಮ್ಮ ಹಿಂದಿನ ತಲೆಮಾರಿನ ಇಂಗ್ಲಿಷ್ ಓದಿದ ಕನ್ನಡಿಗರ ಮನೆಗಳಲ್ಲಿ, ಭಗವದ್ಗೀತೆಯ ಪಕ್ಕದಲ್ಲಿ, ಈ ದಪ್ಪ ಸಂಪುಟಗಳಲ್ಲಿ ಒಂದೆರಡಾದರೂ ಇರುತ್ತಿದ್ದವು. ಗ್ರಂಥಾಲಯಗಳ ಕಪಾಟಿನಲ್ಲಿ ಈಗಲೂ ಇವೆ. ಅವುಗಳನ್ನು ಮತ್ತೆ ಮೊದಲಿನಿಂದ ಓದಿದಾಗ ನಮಗೆ ಅನಿಸಿದ್ದನ್ನು ಇಲ್ಲಿ ಹೇಳಬೇಕಾಗಿದೆ.

ಮೊದಲು ಗುಣಗಳನ್ನೇ ಹೇಳೋಣ; ಅವು ಸಣ್ಣವಲ್ಲ. ಇಂಥ ಯುದ್ಧವನ್ನು ನಡೆಸಿದವನೇ ಕುಳಿತು ಇಷ್ಟು ವಿಸ್ತಾರವಾಗಿ ಬರೆದ ಉದಾಹರಣೆ ಬೇರೆ ಸಿಗುವುದಿಲ್ಲ. ರೂಸ್‌ವೆಲ್ಟ್ 1945ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸ್ಟಾಲಿನ್ ಇಂಥದೊಂದು ಗ್ರಂಥ ಬರೆಯಲಿಲ್ಲ. ಚರ್ಚಿಲ್ಲರ ಮೊದಲ ಸಂಪುಟ 1919ರ ವರ್ಸೇಲ್ಸ್ ಒಪ್ಪಂದದ ಕಾಲದಿಂದ ಹೊರಟು, 1940ರ ಮೇ 10ರಂದು ಅವರು ಪ್ರಧಾನಿಯಾಗುವಲ್ಲಿಗೆ ನಿಲ್ಲುತ್ತದೆ. ಜರ್ಮನಿ ಮತ್ತೆ ಆಯುಧ ಕೂಡಿಸುತ್ತಿದ್ದಾಗ ಲಂಡನ್ನಿನ ಮಂತ್ರಿಗಳು ಹೇಗೆ ಕಣ್ಣುಮುಚ್ಚಿ ಕುಳಿತಿದ್ದರು, ಮ್ಯೂನಿಕ್‌ನಲ್ಲಿ ಚೆಕೊಸ್ಲೊವಾಕಿಯವನ್ನು ಹೇಗೆ ಬಿಟ್ಟುಕೊಟ್ಟರು ಎಂಬುದನ್ನು ಪತ್ತೇದಾರಿ ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ. ಎರಡನೆಯ ಸಂಪುಟದಲ್ಲಿ 1940ರ ಆ ತಿಂಗಳುಗಳು. ಇದನ್ನು ಓದಿ ಮೈ ಜುಮ್ಮೆನ್ನದವರು ಇರಲಾರರು. ಬ್ರಿಟಿಷರ ಆಳ್ವಿಕೆಯನ್ನು ದ್ವೇಷಿಸಿದವರೂ ಈ ಪುಟಗಳ ಮುಂದೆ ಸ್ವಲ್ಪ ಹೊತ್ತು ಆ ದ್ವೇಷ ಮರೆಯುವುದುಂಟು.

ಸೋಲನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಅಲ್ಲಲ್ಲಿ ಕಾಣುತ್ತದೆ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಗೆ ಹೋಯಿತು. ನೆಲದ ಕಡೆಯಿಂದ ಆ ಕೋಟೆಗೆ ರಕ್ಷಣೆಯೇ ಇರಲಿಲ್ಲವೆಂಬುದು ತಮಗೆ ತಿಳಿದಿರಬೇಕಿತ್ತು, ಸಲಹೆಗಾರರು ಹೇಳಬೇಕಿತ್ತು, ಹೇಳದಿದ್ದರೆ ತಾವಾದರೂ ಕೇಳಬೇಕಿತ್ತು ಎಂದು ಚರ್ಚಿಲ್ಲರು ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಳ್ಳುತ್ತಾರೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಇನ್ನು ಗ್ರಂಥ ಹುಟ್ಟಿದ ಬಗೆ. 1945ರ ಜುಲೈ ಚುನಾವಣೆಯಲ್ಲಿ ಸೋತು ಅಧಿಕಾರ ಬಿಟ್ಟ ಚರ್ಚಿಲ್ಲರಿಗೆ, ಯುದ್ಧಕಾಲದಲ್ಲಿ ತಾವು ಬರೆಸಿದ ಟಿಪ್ಪಣಿ, ತಂತಿ, ಆಜ್ಞೆಗಳನ್ನು ಬಳಸಿಕೊಳ್ಳಲು ಸರ್ಕಾರದ ಅನುಮತಿ ಸಿಕ್ಕಿತು. ಬೇರೆ ಇತಿಹಾಸಕಾರರಿಗೆ ಆ ಕಡತಗಳ ಬಾಗಿಲು ಆಗ ಮುಚ್ಚಿತ್ತು. ಸೈನ್ಯಾಧಿಕಾರಿಗಳು, ವಿದ್ವಾಂಸರು ಸೇರಿದ ಒಂದು ಚಿಕ್ಕ ತಂಡವೇ ಅವರಿಗಾಗಿ ಕಡತ ಹುಡುಕಿ, ಕರಡು ಸಿದ್ಧಮಾಡಿ ಕೊಡುತ್ತಿತ್ತು. ಅವರು ಅದನ್ನು ತಿದ್ದಿ, ತಮ್ಮ ದನಿ ತುಂಬುತ್ತಿದ್ದರು. ಮಂತ್ರಿಮಂಡಲದ ಕಾರ್ಯದರ್ಶಿ ಅಚ್ಚಿಗೆ ಮೊದಲು ಕಣ್ಣಾಡಿಸುತ್ತಿದ್ದರು. ಕೊನೆಯ ಸಂಪುಟ ಹೊರಬರುವ ಹೊತ್ತಿಗೆ ಚರ್ಚಿಲ್ಲರು ಮತ್ತೆ ಪ್ರಧಾನಿ. ಅತ್ತ ಅಮೆರಿಕದಲ್ಲಿ ಐಸೆನ್‌ಹೋವರ್ ಅಧ್ಯಕ್ಷ. ಹಳೆಯ ಜಗಳಗಳ ಚೂಪನ್ನು ಅಲ್ಲಿ ಮೊಂಡು ಮಾಡಬೇಕಾಯಿತು. 1953ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಬಂದಾಗ ಲೇಖಕರು ಸ್ಟಾಕ್‌ಹೋಮ್‌ಗೆ ಹೋಗಲಾಗಲಿಲ್ಲ, ಬರ್ಮುಡಾ ಸಮ್ಮೇಳನದಲ್ಲಿದ್ದರು. ಹೆಂಡತಿ ಹೋಗಿ ಸ್ವೀಕರಿಸಿದರು. ಇತಿಹಾಸವನ್ನು ಬರೆಯುವುದೂ ಮಾಡುವುದೂ ಒಬ್ಬರದೇ ಕೈಯಲ್ಲಿದ್ದರೆ ಹೀಗಾಗುವುದು ಸಹಜ.

ಗುಟ್ಟಾಗಿ ಉಳಿದ ಸಂಗತಿಗಳೂ ಇವೆ. ಜರ್ಮನರ ಸಂಕೇತಲಿಪಿಯನ್ನು ಬ್ಲೆಚ್ಲಿ ಪಾರ್ಕಿನಲ್ಲಿ ಬಿಡಿಸಿ ಓದುತ್ತಿದ್ದರೆಂಬುದು 1974ರ ತನಕ ಸಾಮಾನ್ಯರಿಗೆ ತಿಳಿಯದು. ಆರು ಸಂಪುಟಗಳಲ್ಲಿ ಅದರ ಸುಳಿವು ಕೊಡುವಂತಿರಲಿಲ್ಲ. ಆದ್ದರಿಂದ ರೊಮೆಲನ ಸರಬರಾಜು ಹಡಗುಗಳನ್ನು ಮುಳುಗಿಸಿದ ಕಡೆ, ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಗಳಿಂದ ತಪ್ಪಿಸಿಕೊಂಡ ಕಡೆ, ಓದುಗನಿಗೆ ಕಾಣುವುದು ನಾಯಕರ ಜಾಣತನ ಮಾತ್ರ. ಇದನ್ನು ನಾವು ದೋಷವೆಂದು ಎಣಿಸುವುದಿಲ್ಲ. ಲೇಖಕರ ಬಾಯಿ ಕಟ್ಟಿತ್ತು.

ನಮ್ಮ ಆಕ್ಷೇಪ ಬೇರೆ ಕಡೆ ಇದೆ. ಈ ಗ್ರಂಥದ ತುಂಬ ಚರ್ಚಿಲ್ಲರು ತಾವು ಬರೆದ ಟಿಪ್ಪಣಿಗಳನ್ನು ಧಾರಾಳವಾಗಿ ಅಚ್ಚು ಹಾಕಿಸಿದ್ದಾರೆ. ಇದೇಕೆ ಆಗಿಲ್ಲ, ಅದೆಷ್ಟಿದೆ, ಇಂದೇ ವರದಿ ಮಾಡಿ — ಹೀಗೆ ಪ್ರಶ್ನೆಗಳ ಸುರಿಮಳೆ. ಅವಕ್ಕೆ ಬಂದ ಉತ್ತರಗಳು ಮಾತ್ರ ಅಪರೂಪ. ಪ್ರಧಾನಿ ಕೇಳಿದ್ದು ತಪ್ಪು ತಿಳಿವಳಿಕೆಯಿಂದಲೋ, ಅದಕ್ಕೆ ಅಧಿಕಾರಿ ಏನು ಸಮಾಧಾನ ಹೇಳಿದನೋ, ನಮಗೆ ತಿಳಿಯದು. ಗ್ರಂಥ ಹೊಸದಾಗಿ ಬಂದಾಗಲೇ ವಿಮರ್ಶಕರು ಈ ಕೊರತೆಯನ್ನು ಎತ್ತಿ ತೋರಿದ್ದರು. ಒಂದು ಕಡೆಯ ವಕೀಲನ ವಾದವನ್ನಷ್ಟೇ ಕೇಳಿ ಎದ್ದುಬಂದ ಹಾಗಾಗುತ್ತದೆ ನಮ್ಮ ಸ್ಥಿತಿ.

ಯುದ್ಧದ ತೂಕವೂ ಇದರಿಂದ ವಾಲುತ್ತದೆ. 1942ರ ಅಕ್ಟೋಬರ್–ನವೆಂಬರ್‌ನಲ್ಲಿ ನಡೆದ ಎಲ್ ಅಲಮೈನ್ ಕದನವನ್ನು ಚರ್ಚಿಲ್ಲರು ಅದೃಷ್ಟ ತಿರುಗಿದ ಗಳಿಗೆಯೆಂದು ಮೆರೆಸುತ್ತಾರೆ. ಬ್ರಿಟನ್ನಿನ ಮಟ್ಟಿಗೆ ಅದು ನಿಜ. ಆದರೆ ಅಲ್ಲಿ ರೊಮೆಲನ ಕೈಯಲ್ಲಿದ್ದ ಜರ್ಮನ್ ಡಿವಿಜನ್‌ಗಳು ಬೆರಳೆಣಿಕೆಯವು. ಅದೇ ಹೊತ್ತಿನಲ್ಲಿ ರಷ್ಯದ ನೆಲದಲ್ಲಿ ಜರ್ಮನರು ನೂರೈವತ್ತಕ್ಕೂ ಹೆಚ್ಚು ಡಿವಿಜನ್‌ಗಳನ್ನು ಹೂಡಿದ್ದರು. 1943ರ ಫೆಬ್ರವರಿ 2ಕ್ಕೆ ಸ್ಟಾಲಿನ್‌ಗ್ರಾಡ್ ಮುಗಿದಾಗ ಸುತ್ತುವರಿದ ಜರ್ಮನ್ ಸೈನ್ಯದಲ್ಲಿ ಬದುಕುಳಿದು ಸೆರೆಯಾದವರೇ ಸುಮಾರು 91,000. ಸೋವಿಯತ್ ಒಕ್ಕೂಟ ಆ ಯುದ್ಧದಲ್ಲಿ ಕಳೆದುಕೊಂಡ ಜೀವಗಳು ಸುಮಾರು 2 ಕೋಟಿ 70 ಲಕ್ಷ. ಚರ್ಚಿಲ್ಲರ ಪುಟಗಳಲ್ಲಿ ಈ ಮಹಾಸಂಹಾರ ದೂರದ ಗುಡುಗಿನಂತೆ ಕೇಳಿಸುತ್ತದೆ. ಮರುಭೂಮಿಯ ಕದನ ಪಕ್ಕದ ಮನೆಯಲ್ಲಿ ನಡೆದಂತೆ.

ಚೀನದ ವಿಷಯದಲ್ಲಂತೂ ಅಸಡ್ಡೆಯೇ. ರೂಸ್‌ವೆಲ್ಟ್ ಚೀನಕ್ಕೆ ಕೊಡುತ್ತಿದ್ದ ಮನ್ನಣೆ ಅತಿಯಾಯಿತೆಂದು ಲೇಖಕರು ಬರೆಯುತ್ತಾರೆ. ಆದರೆ ಬೀಜಿಂಗ್ ಬಳಿಯ ಮಾರ್ಕೊಪೋಲೊ ಸೇತುವೆಯಲ್ಲಿ ಜಪಾನೀಯರ ಗುಂಡು ಹಾರಿದ್ದು 1937ರ ಜುಲೈ 7ರಂದು, ಪೋಲೆಂಡಿಗಿಂತ ಎರಡು ವರ್ಷ ಮೊದಲು. ಒಂದು ಕೋಟಿಗೂ ಮೀರಿ ಚೀನೀಯರು ಸತ್ತ ಯುದ್ಧ ಅದು. ನಮ್ಮ ದೇಶಕ್ಕೆ ಇದು ಆಗಲೇ ತಿಳಿದಿತ್ತು. 1938ರಲ್ಲಿ ಕಾಂಗ್ರೆಸ್ ಐವರು ವೈದ್ಯರನ್ನು ಚೀನಕ್ಕೆ ಕಳಿಸಿತು. ಅವರಲ್ಲಿ ನಮ್ಮ ಗಡಿಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್ ಒಬ್ಬರು. 1942ರ ಡಿಸೆಂಬರ್‌ನಲ್ಲಿ ಅಲ್ಲಿಯೇ ಮಡಿದರು. ಶಾಂತಾರಾಮರು 1946ರಲ್ಲಿ ಅವರ ಕಥೆಯನ್ನು ಚಿತ್ರ ಮಾಡಿದ್ದು ಮುಂಬಯಿಯ ಹಳಬರಿಗೆ ನೆನಪಿರಬೇಕು. ಯುದ್ಧ 1939ರಲ್ಲಿ ಆರಂಭವಾಯಿತೆಂದು ಬರೆಯುವಾಗಲೇ ಯಾರ ಹೆಣಗಳನ್ನು ಎಣಿಸಬೇಕು, ಯಾರವನ್ನು ಬಿಡಬೇಕು ಎಂಬುದು ಅರ್ಧ ತೀರ್ಮಾನವಾಗಿಬಿಡುತ್ತದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಾಲ್ಕನೆಯ ಸಂಪುಟದಲ್ಲಿ, 1942ರ ಭಾರತದ ವಿಚಾರ ಬರುವ ಕಡೆ, ಲೇಖಕರು ಒಂದು ತೀರ್ಪು ಕೊಡುತ್ತಾರೆ. ಅದರ ತಾತ್ಪರ್ಯ ಇಷ್ಟು: ಈ ಯುದ್ಧದ ಘೋರಗಳಿಂದ ಹಿಂದುಸ್ತಾನದ ಜನರಷ್ಟು ಸುರಕ್ಷಿತವಾಗಿ ಉಳಿದ ದೊಡ್ಡ ಜನಸಮೂಹ ಲೋಕದಲ್ಲಿ ಬೇರೊಂದಿಲ್ಲ, ಅವರನ್ನು ಬ್ರಿಟನ್ನೆಂಬ ಸಣ್ಣ ದ್ವೀಪ ತನ್ನ ಹೆಗಲ ಮೇಲೆ ಹೊತ್ತು ದಾಟಿಸಿತು. ಅಲ್ಲಿಗೇ ನಿಲ್ಲದೆ, ಭಾರತವನ್ನು ಕಾಯುವುದಕ್ಕಾಗಿ ಬ್ರಿಟನ್ ದಿನಕ್ಕೆ ಹತ್ತಿರ ಹತ್ತಿರ 10 ಲಕ್ಷ ಪೌಂಡು ಸಾಲ ಹೊರಬೇಕಾಯಿತೆಂಬ ಗೊಣಗಾಟವೂ ಇದೆ.

ಇದನ್ನು ಓದಿದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಹೆಗಲ ಲೆಕ್ಕವನ್ನೇ ಮೊದಲು ನೋಡೋಣ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೊ ಇಲ್ಲಿಯ ಒಬ್ಬ ಪ್ರತಿನಿಧಿಯನ್ನೂ ಕೇಳದೆ ಭಾರತ ಯುದ್ಧದಲ್ಲಿದೆಯೆಂದು ಸಾರಿದರು. ಅದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಆಗ ಸುಮಾರು 2 ಲಕ್ಷವಿದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ 25 ಲಕ್ಷವಾಯಿತು. ಕಡ್ಡಾಯ ಭರ್ತಿಯಿಲ್ಲದೆ ಕೂಡಿದ ಅಷ್ಟು ದೊಡ್ಡ ಸೈನ್ಯ ಬೇರೆಲ್ಲೂ ಇರಲಿಲ್ಲ. ಅವರು ಎರಿಟ್ರಿಯದ ಕೆರೆನ್ ಬೆಟ್ಟ ಹತ್ತಿದರು; ಅದೇ ಅಲಮೈನ್‌ನಲ್ಲಿ ನಿಂತರು; ಇಟಲಿಯ ಕಸೀನೊದಲ್ಲಿ ಸತ್ತರು. ಬೆಳಗಾವಿಯಲ್ಲಿ ನೆಲೆಯಿರುವ ಮರಾಠಾ ಪದಾತಿ ದಳದ ಇಬ್ಬರಿಗೆ ಇಟಲಿಯ ಕಣದಲ್ಲಿ ವಿಕ್ಟೋರಿಯಾ ಕ್ರಾಸ್ ಬಂತು. 1944ರಲ್ಲಿ ಇಂಫಾಲ, ಕೊಹಿಮಗಳಲ್ಲಿ ಜಪಾನೀಯರ ಬೆನ್ನೆಲುಬು ಮುರಿದ ಹದಿನಾಲ್ಕನೆಯ ಸೈನ್ಯದಲ್ಲಿ ಬಹುಪಾಲು ಭಾರತೀಯರು. ಒಟ್ಟು ಸತ್ತವರು ಸುಮಾರು 87,000. ಚರ್ಚಿಲ್ಲರು ಸೈನಿಕರ ಶೌರ್ಯಕ್ಕೆ ಮೆಚ್ಚುಗೆಯ ಮಾತು ಆಡುತ್ತಾರೆ, ಇಲ್ಲವೆನ್ನಲಾಗದು. ಆದರೆ ಆ ಮೆಚ್ಚುಗೆ ಯಜಮಾನ ಆಳಿನ ಬೆನ್ನು ತಟ್ಟಿದ ಹಾಗೆ.

ಒಂದು ಸಣ್ಣ ಸಂಗತಿ ಇಲ್ಲಿ ಹೇಳದೆ ಇರಲಾರೆವು. ನಾರ್ಮಂಡಿಯ ದಂಡೆಯಲ್ಲಿ ಮುಳ್ಳುತಂತಿಯನ್ನು ಸ್ಫೋಟಿಸಿ ದಾರಿ ಮಾಡಲು ಅಮೆರಿಕನ್ನರು ಬಳಸಿದ ಉದ್ದನೆಯ ಕೊಳವೆಯ ಹೆಸರು ‘ಬೆಂಗಳೂರು ಟಾರ್ಪೆಡೊ’. 1912ರಲ್ಲಿ ಬೆಂಗಳೂರಿನ ಮದರಾಸ್ ಸ್ಯಾಪರ್ಸ್ ದಳದ ಕ್ಯಾಪ್ಟನ್ ಒಬ್ಬರು ಕಂಡುಹಿಡಿದದ್ದು. ಹಾಲಿವುಡ್ ಚಿತ್ರಗಳಲ್ಲಿ ನಮ್ಮ ಊರಿನ ಹೆಸರನ್ನು ಕೂಗುತ್ತ ಸೈನಿಕರು ಓಡುವಾಗ ನಮ್ಮ ಮಕ್ಕಳು ಕಿವಿ ನಿಮಿರಿಸುತ್ತಾರೆ. ಅದೇ ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರ ಹಾಗೂ ವಾಲಚಂದ್ ಹೀರಾಚಂದ್ ಕೂಡಿ ತೆರೆದ ವಿಮಾನ ಕಾರ್ಖಾನೆ ಅಮೆರಿಕದ ಯುದ್ಧವಿಮಾನಗಳಿಗೆ ರಿಪೇರಿ ಶಾಲೆಯಾಯಿತು. ಜಾಲಹಳ್ಳಿಯಲ್ಲಿ ಇಟಲಿಯ ಸೆರೆಯಾಳುಗಳನ್ನು ಇಟ್ಟಿದ್ದರು.

ಇನ್ನು ‘ಘೋರಗಳಿಂದ ಸುರಕ್ಷಿತ’ ಎಂಬ ಮಾತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿನ ಬಾಂಬು ಬಿತ್ತು. ಮದರಾಸಿನ ಸರ್ಕಾರಿ ಕಚೇರಿಗಳು ಗಂಟುಮೂಟೆ ಕಟ್ಟಿ ಒಳನಾಡಿಗೆ ಓಡಿದವು. 1944ರ ಏಪ್ರಿಲ್ 14ರ ಸಂಜೆ ನಾಲ್ಕರ ಹೊತ್ತಿಗೆ ಮುಂಬಯಿಯ ವಿಕ್ಟೋರಿಯಾ ಗೋದಿಯಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ಸಿಡಿಯಿತು. ಸುಮಾರು 1,400 ಟನ್ ಸ್ಫೋಟಕದ ಜೊತೆಯಲ್ಲೇ ಹತ್ತಿಯ ಬೇಲುಗಳನ್ನೂ ಅದರಲ್ಲಿ ತುಂಬಿದ್ದರು. ನೂರಾರು ಜನ ಸತ್ತರು, ಸಾವಿರಾರು ಜನ ಮನೆ ಕಳೆದುಕೊಂಡರು. ಶತ್ರುವಿನ ಕೈಯಿಂದಲ್ಲ, ಯುದ್ಧದ ಅವಸರದಿಂದ. ರೇಶನ್ ಕಾರ್ಡು, ಕಂಟ್ರೋಲ್ ಅಂಗಡಿ, ಕಾಳಸಂತೆ — ಈ ಮಾತುಗಳೆಲ್ಲ ನಮ್ಮ ಮನೆಗಳಲ್ಲಿ ಬಳಕೆಗೆ ಬಂದದ್ದು ಆ ವರ್ಷಗಳಲ್ಲಿಯೇ. 1943ರಲ್ಲಿ ಧಾನ್ಯದ ರೇಶನಿಂಗ್ ಮೊದಲು ಜಾರಿಗೆ ಬಂದ ನಗರ ಮುಂಬಯಿ.

ಇದೆಲ್ಲ ಬಂಗಾಳದ ಮುಂದೆ ಏನೂ ಅಲ್ಲ. 1942ರ ಮಾರ್ಚಿಯಲ್ಲಿ ರಂಗೂನ್ ಬಿದ್ದು ಬರ್ಮಾದ ಅಕ್ಕಿ ನಿಂತಿತು. ಜಪಾನೀಯರು ಬಂದರೆ ಅವರಿಗೆ ದಕ್ಕಬಾರದೆಂದು ಸರ್ಕಾರ ಬಂಗಾಳದ ಕರಾವಳಿಯಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹೊರುವ ದೋಣಿಗಳನ್ನು ಸಾವಿರಗಟ್ಟಲೆ ಕಸಿದುಕೊಂಡಿತು, ನಾಶ ಮಾಡಿತು. ದೋಣಿಯೇ ಎತ್ತಿನ ಗಾಡಿಯಾದ ನಾಡಿನಲ್ಲಿ ಮೀನುಗಾರನ ಬಲೆಗೂ ರೈತನ ಭತ್ತಕ್ಕೂ ಸಂಚಾರ ತಪ್ಪಿತು. ಅಕ್ಟೋಬರ್‌ನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಯುದ್ಧದ ಖರ್ಚಿಗಾಗಿ ನೋಟು ಅಚ್ಚಾಗಿ ಬೆಲೆ ಏರಿತು. ಸಂಬಳವಿದ್ದವನು ಕೊಂಡ, ಕೂಲಿಯವನು ಸತ್ತ. ಊರಲ್ಲಿ ಅಕ್ಕಿಯಿದ್ದೂ ಕೊಳ್ಳುವ ಶಕ್ತಿಯಿಲ್ಲದೆ ಜನ ಹೇಗೆ ಸತ್ತರೆಂಬುದನ್ನು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. 1943ರ ಆಗಸ್ಟ್ 22ರಂದು ಕಲಕತ್ತದ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಇಂಗ್ಲಿಷ್ ಸಂಪಾದಕ ಇಯಾನ್ ಸ್ಟೀಫನ್ಸ್, ಸರ್ಕಾರದ ಮುನಿಸನ್ನು ಲೆಕ್ಕಿಸದೆ ಬೀದಿಯ ಹೆಣಗಳ ಚಿತ್ರ ಅಚ್ಚು ಹಾಕಿದ ಮೇಲೆ ಲೋಕಕ್ಕೆ ಸುದ್ದಿ ಮುಟ್ಟಿತು. ಸರ್ಕಾರಿ ವಿಚಾರಣಾ ಆಯೋಗ ಸತ್ತವರು 15 ಲಕ್ಷವೆಂದಿತು. ನಂತರದ ವಿದ್ವಾಂಸರ ಅಂದಾಜು 30 ಲಕ್ಷದ ಆಸುಪಾಸಿನಲ್ಲಿದೆ.

ಇಷ್ಟನ್ನೂ ಚರ್ಚಿಲ್ಲರೊಬ್ಬರೇ ಮಾಡಿಸಿದರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಅವರು ಬರೆದ ಇತಿಹಾಸದಷ್ಟೇ ಓರೆಯಾದೀತು. ಪ್ರಾಂತ ಸರ್ಕಾರದ ಅಸಾಮರ್ಥ್ಯವಿತ್ತು, ನೆರೆಯ ಪ್ರಾಂತಗಳು ಧಾನ್ಯ ಬಿಟ್ಟುಕೊಡಲಿಲ್ಲ, ದಾಸ್ತಾನುಗಾರರು ನಮ್ಮವರೇ. ಆದರೆ 1943ರ ಆಗಸ್ಟ್ 4ರಂದು ಲಂಡನ್ನಿನ ಯುದ್ಧ ಮಂತ್ರಿಮಂಡಲದ ಮುಂದೆ ಭಾರತಕ್ಕೆ 5 ಲಕ್ಷ ಟನ್ ಧಾನ್ಯ ಕಳಿಸಬೇಕೆಂಬ ಬೇಡಿಕೆ ಬಂದಾಗ ಹಡಗು ಕೊಡಲು ಹಿಂದೆಗೆದು, ಅದರಲ್ಲೊಂದು ಪಾಲಿಗೆ ಮಾತ್ರ ಒಪ್ಪಿದವರು ಅವರ ಮಂತ್ರಿಮಂಡಲದವರೇ. 1944ರ ಏಪ್ರಿಲ್‌ನಲ್ಲಿ ಅವರೇ ರೂಸ್‌ವೆಲ್ಟ್‌ಗೆ ಬರೆದು ಹಡಗು ಬೇಡಿದ್ದೂ ನಿಜ. ಅಮೆರಿಕ ಒಪ್ಪಲಿಲ್ಲ. ಆ ಪತ್ರದ ಸುತ್ತಲೇ ತಮ್ಮ ಪರವಾಗಿ ಒಂದು ಅಧ್ಯಾಯ ಬರೆಯಬಹುದಿತ್ತು. ಬರೆಯಲಿಲ್ಲ, ಬರೆಯಬೇಕಾದರೆ ಮೊದಲು ಕ್ಷಾಮವಿತ್ತೆಂದು ಹೇಳಬೇಕಲ್ಲ! ಆರು ಸಂಪುಟಗಳ ಮುಖ್ಯ ಕಥನದಲ್ಲಿ ಆ ಲಕ್ಷಾಂತರ ಜನಕ್ಕೆ ಜಾಗವಿಲ್ಲ. ಸಿಂಗಪುರಕ್ಕಾಗಿ ‘ನಾನು ಕೇಳಬೇಕಿತ್ತು’ ಎಂಬಂಥ ಮಾತು ಬರೆದ ಲೇಖನಿ ಬಂಗಾಳಕ್ಕಾಗಿ ಅಂಥ ಒಂದು ಸಾಲನ್ನೂ ಬರೆಯಲಿಲ್ಲ. ನಮಗೆ ನೋವಾಗುವುದು ಇಲ್ಲಿ.

ಸಾಲದ ಗೊಣಗಾಟಕ್ಕೂ ಒಂದು ಮಾತು. ಯುದ್ಧ ಮುಗಿಯುವ ವೇಳೆಗೆ ಬ್ರಿಟನ್ ಭಾರತಕ್ಕೆ ಕೊಡಬೇಕಾಗಿದ್ದದ್ದು ಸುಮಾರು 130 ಕೋಟಿ ಪೌಂಡು. ನಮ್ಮ ಬಟ್ಟೆ, ಧಾನ್ಯ, ಉಕ್ಕು, ಸೈನಿಕರ ದುಡಿಮೆ ಎಲ್ಲವನ್ನೂ ಲಂಡನ್ನಿನ ಖಾತೆಯಲ್ಲಿ ಬರೆದಿಟ್ಟು ಒಯ್ದ ಲೆಕ್ಕ ಅದು. ಹೊಟ್ಟೆ ಕಟ್ಟಿದ್ದು ಇಲ್ಲಿಯವರು. ಹೆಗಲ ಮೇಲೆ ಯಾರು ಯಾರನ್ನು ಹೊತ್ತಿದ್ದರೆಂಬುದನ್ನು ಓದುಗರೇ ಯೋಚಿಸಲಿ.

ಕೊನೆಗೆ ಪುಣೆಯ ಆಗಾಖಾನ್ ಅರಮನೆ. 1942ರ ಆಗಸ್ಟ್ 8ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಠರಾವು ಆದ ಮಾರನೆಯ ಬೆಳಿಗ್ಗೆ ಗಾಂಧೀಜಿಯನ್ನು ಅಲ್ಲಿಗೆ ಒಯ್ದು ಕೂಡಿಹಾಕಿದರು. ಮಹಾದೇವ ದೇಸಾಯಿ ಮತ್ತು ಕಸ್ತೂರಬಾ ಕೊನೆಯುಸಿರೆಳೆದದ್ದು ಅದೇ ಸೆರೆಯಲ್ಲಿ. 1943ರ ಫೆಬ್ರವರಿ 10ರಿಂದ ಗಾಂಧೀಜಿ 21 ದಿನ ಉಪವಾಸ ಮಾಡಿದರು. ಇದರ ಬಗ್ಗೆ ಚರ್ಚಿಲ್ಲರು ನಾಲ್ಕನೆಯ ಸಂಪುಟದಲ್ಲಿ, ಅವರು ಕುಡಿಯುವ ನೀರಿಗೆ ಗ್ಲೂಕೋಸ್ ಸೇರಿಸಿ ಕೊಡಲಾಗುತ್ತಿತ್ತೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಬರೆಯುತ್ತಾರೆ. ಓದಿದ ಹೊರದೇಶದವನು ನಂಬಿಯೇ ನಂಬುತ್ತಾನೆ, ಬರೆದವರು ಪ್ರಧಾನಿಯಲ್ಲವೆ?

ಬ್ರಿಟಿಷ್ ಸರ್ಕಾರವೇ 1970ರಿಂದ 1983ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿದ ‘ಟ್ರಾನ್ಸ್‌ಫರ್ ಆಫ್ ಪವರ್’ ಕಾಗದಪತ್ರಗಳಲ್ಲಿ ಇದರ ಮೂಲ ಸಿಗುತ್ತದೆ. ಉಪವಾಸದ ಮೊದಲ ದಿನಗಳಲ್ಲಿಯೇ ಚರ್ಚಿಲ್ಲರು ವೈಸರಾಯರಿಗೆ ತಂತಿ ಕಳಿಸಿ, ಗಾಂಧಿ ಉಪವಾಸದಲ್ಲಿ ನೀರಿಗೆ ಗ್ಲೂಕೋಸ್ ಹಾಕಿಕೊಳ್ಳುತ್ತಾರಂತೆ, ಇದನ್ನು ಖಚಿತಪಡಿಸಲಾಗುವುದೇ ಎಂದು ಕೇಳಿದ್ದರು. ಅದು ಪ್ರಶ್ನೆ. ಗಾಂಧೀಜಿಯ ಮೇಲೆ ಪ್ರೀತಿಯೇನೂ ಇಲ್ಲದ ಲಿನ್‌ಲಿತ್‌ಗೊ ಕಳಿಸಿದ ಉತ್ತರವೂ ಅಲ್ಲಿಯೇ ಇದೆ: ಅವರನ್ನು ನೋಡಿಕೊಳ್ಳುತ್ತಿರುವವರಿಗೆ ಹಾಗೆನಿಸುವುದಿಲ್ಲ, ಹಿಂದಿನ ಒಂದು ಉಪವಾಸದಲ್ಲಿ ಹಾಗೇನಾದರೂ ಬೆರೆಯದಂತೆ ಗಾಂಧಿಯೇ ಎಚ್ಚರ ವಹಿಸಿದ್ದರೆಂದು ಸರ್ಕಾರದ ಕಡೆಯ ಹಿರಿಯ ವೈದ್ಯಾಧಿಕಾರಿ ಹೇಳುತ್ತಾರೆ. ಜೀವಕ್ಕೆ ಅಪಾಯವಾದಾಗ ನೀರಿಗೆ ಸ್ವಲ್ಪ ಮೋಸಂಬಿ ರಸ ಸೇರಿಸಿದ್ದು ಗುಟ್ಟಿನ ವಿಷಯವಾಗಿರಲಿಲ್ಲ. ಅಂದರೆ ಪುಸ್ತಕ ಬರೆಯುವ ಏಳೆಂಟು ವರ್ಷ ಮೊದಲೇ ಲೇಖಕರ ಕೈಗೆ ಉತ್ತರ ಬಂದಿತ್ತು. ಅವರು ಪ್ರಶ್ನೆಯನ್ನೇ ಉತ್ತರವೆಂದು ಅಚ್ಚು ಹಾಕಿಸಿದರು.

ಈ ಗ್ರಂಥವನ್ನು ಓದಬೇಡಿ ಎಂದು ನಾವು ಹೇಳಲಾರೆವು. ಮೊದಲ ಎರಡು ಸಂಪುಟಗಳನ್ನು ಇಂಗ್ಲಿಷ್ ಬಲ್ಲ ಹುಡುಗ ಹುಡುಗಿಯರ ಕೈಗೆ ಧೈರ್ಯವಾಗಿ ಕೊಡಬಹುದು. ಅಷ್ಟು ಪುರುಸೊತ್ತಿಲ್ಲದವರಿಗೆ 1959ರಲ್ಲಿ ಬಂದ ಒಂದೇ ಸಂಪುಟದ ಸಂಗ್ರಹವಿದೆ. ಕೊನೆಯ ಸಂಪುಟ ಮುಗಿಯುವ ರೀತಿಯನ್ನೂ ಗಮನಿಸಬೇಕು: ಗ್ರಂಥಕ್ಕೆ ತೆರೆ ಬೀಳುವುದು ಜಪಾನಿನ ಶರಣಾಗತಿಯಲ್ಲಿ ಅಲ್ಲ, 1945ರ ಜುಲೈ 26ರಂದು ಲೇಖಕರು ಕೊಟ್ಟ ರಾಜೀನಾಮೆಯಲ್ಲಿ. ನಾಲ್ಕನೆಯ ಸಂಪುಟ ಹಿಡಿಯುವವರು ಮಾತ್ರ ‘ಟ್ರಾನ್ಸ್‌ಫರ್ ಆಫ್ ಪವರ್’ ಮಾಲೆಯ ಮೂರನೆಯ ಸಂಪುಟವನ್ನೂ ಮಗ್ಗುಲಲ್ಲಿಟ್ಟುಕೊಳ್ಳಲಿ. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿದರೆ ಸಿಗುತ್ತದೆ. ಮನೆಯಲ್ಲಿ ಆ ವರ್ಷಗಳನ್ನು ಕಂಡ ಅಜ್ಜ ಅಜ್ಜಿ ಇನ್ನೂ ಇದ್ದರೆ, ರೇಶನ್ ಅಂಗಡಿಯ ಸಾಲಿನಲ್ಲಿ ನಿಂತದ್ದು ಹೇಗಿತ್ತೆಂದು ಈ ವಾರವೇ ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಲಿ.